ನಸೀಮಾಳ ಕುರಿಮರಿ

ಹಳೆಯ ಗಾದಿಯ ಹೊಟ್ಟೆ ಸೀಳಿದಾಗ ಒಂದು ವಾಸನೆ ಬರುತ್ತದೆ. ಬೆವರು, ಧೂಳು, ಮಕ್ಕಳ ಉಚ್ಚೆ, ಬಿಸಿಲಿಗೆ ಹಾಕಿ ಹಾಕಿ ಸವೆದ ಬಟ್ಟೆ, ಇವೆಲ್ಲದರ ಅಡಿಯಲ್ಲಿ ಎಲ್ಲೋ ಇನ್ನೂ ಜೀವ ಹಿಡಿದುಕೊಂಡಿರುವ ಹತ್ತಿಯ ಸಣ್ಣ ಎಣ್ಣೆವಾಸನೆ. ಈ ಸಲದ ಬೇಸಿಗೆ ರಜೆಯಲ್ಲಿ ಮುದ್ದೇಬಿಹಾಳದ ನಮ್ಮ ಮನೆಯ ಗಾದಿ ಗಂಟುಗಂಟಾಗಿ, ಮಲಗಿದರೆ ಬೆನ್ನಿಗೆ ಹೆಂಟೆ ಒತ್ತಿದಂತಾಗುತ್ತಿತ್ತು. ಟಂಟಂ ಆಟೋದಲ್ಲಿ ಹಾಕಿಕೊಂಡು ಮಷಿನ್ನಿನಲ್ಲಿ ಹತ್ತಿ ಹಿಂಜುವ ಅಂಗಡಿಗೆ ಒಯ್ದೆ. ಅಂಗಡಿಯವನು ಬ್ಲೇಡಿನಿಂದ ಒಂದೇ ಎಳೆತಕ್ಕೆ ಗವಸು ಸೀಳಿದ. ವಾಸನೆ ಮುಖಕ್ಕೆ ಬಡಿದದ್ದೇ ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. "ಬಿಸಲ ಹತ್ತೇತೇನ್ರಿ ಟೀಚರ್, ನೀರ ಕೊಡ್ಲ್ಯಾ?" ಅಂದ. ಬೇಡ ಅಂದೆ. ಮೂವತ್ತು ಮಕ್ಕಳನ್ನು ದಿನವಿಡೀ ಸಂಭಾಳಿಸಿದರೂ ಆಗದ ದಣಿವು ಈಚೆಗೆ ಇಂಥ ಒಂದು ವಾಸನೆಗೆ ಆಗಿಬಿಡುತ್ತದೆ. ಒಳಗೆ ಮಷಿನ್ ಗುಡುಗುಡು ಅಂದು ಐದು ನಿಮಿಷದಲ್ಲಿ ಕೆಲಸ ಮುಗಿಸಿತು. ನನ್ನ ತವರುಮನೆಯಲ್ಲಿ ಅದು ಒಂದು ಹಗಲಿನ ದುಡಿಮೆಯಾಗಿತ್ತು.

ಸಿಂದಗಿಯಲ್ಲಿ ನಮ್ಮದು ನದಾಫರ ಮನೆ, ಹತ್ತಿ ಹಿಂಜಿ ಗಾದಿ ಹಾಕಿಕೊಡುವ ಮನೆ. ನಿಮ್ಮಲ್ಲಿ ಕೆಲವರಾದರೂ ಅಂಥ ಮನೆಯ ಬಾಗಿಲಲ್ಲಿ ನಿಂತಿರುತ್ತೀರಿ. ಅಕ್ಕನ ಮದುವೆಯ ಗಾದಿ ಹೇಳಲು ಬಂದ ಅವ್ವನ ಸೆರಗು ಹಿಡಿದು, ಒಳಗೆ ಮಂಜಿನ ಹಾಗೆ ಹಾರಾಡುವ ಹತ್ತಿಯನ್ನು ಬಾಯಿ ತೆರೆದು ನೋಡಿರುತ್ತೀರಿ. ಇದ್ದದ್ದು ಎರಡೇ ಅಂಕಣ. ಮುಂದಿನದು ಹತ್ತಿಗೆ, ಹಿಂದಿನದು ನಮಗೆ. ಮುಂದಿನ ಅಂಕಣದ ತೊಲೆಗೆ ದೊಡ್ಡ ಬಿಲ್ಲು ಇಳಿಬಿಟ್ಟಿತ್ತು. ಅದರ ಮುಂದೆ ಮುತ್ಯಾ, ಅಂದರೆ ಅಪ್ಪನ ಅಪ್ಪ, ಮೂಗು ಬಾಯಿಗೆ ಟವೆಲ್ ಸುತ್ತಿಕೊಂಡು ಕೂತು, ಕಟ್ಟಿಗೆಯ ಕೊಡತಿಯಿಂದ ಬಿಲ್ಲಿನ ನರ ಮೀಟುತ್ತಿದ್ದ. ಡಂಯ್, ಡಂಯ್ ಅನ್ನುವ ಆ ಸಪ್ಪಳ ಬೆಳಿಗ್ಗೆ ಚಹಾ ಕುಡಿದ ಕೂಡಲೇ ಶುರುವಾದರೆ ಹೊತ್ತು ಮುಳುಗುವ ತನಕ. ನಾವು ಅದರ ಮೇಲೆಯೇ ಮಾತಾಡುತ್ತಿದ್ದೆವು, ಅದರ ಮೇಲೆಯೇ ಪಾಠ ಓದುತ್ತಿದ್ದೆವು. ಅದು ನಿಂತಾಗಲೇ ಏನೋ ಆಯಿತೆಂದು ತಲೆ ಎತ್ತುತ್ತಿದ್ದೆವು. ಅಪ್ಪ ಸಣ್ಣ ಬಿಲ್ಲನ್ನು ಸೈಕಲ್ಲಿಗೆ ಕಟ್ಟಿಕೊಂಡು ದೇವಣಗಾಂವ, ಭೀಮಾ ದಂಡೆಯ ಆಚೀಚಿನ ಹಳ್ಳಿ ಅಂತ ತಿರುಗುತ್ತಿದ್ದ. ಮನೆಯಲ್ಲಿ ಎಲ್ಲದರ ಮೇಲೂ ಹತ್ತಿಯ ನವಿರು. ರೊಟ್ಟಿಯ ಮೇಲೆ, ದೀಪದ ಗಾಜಿನ ಮೇಲೆ, ಅವ್ವನ ಹುಬ್ಬಿನ ಮೇಲೆ. ನನ್ನ ಕಣ್ಣಿಗೆ ಅವ್ವ ಇಪ್ಪತ್ತೆಂಟಕ್ಕೇ ಹಣ್ಣಾದ ಹೆಂಗಸಿನಂತೆ ಕಾಣುತ್ತಿದ್ದಳು.

ಅವ್ವನ ಕೆಲಸಕ್ಕೆ ಸಪ್ಪಳವಿರಲಿಲ್ಲ. ಗವಸು ಹೊಲಿಯುವುದು, ಹಿಂಜಿದ ಹತ್ತಿ ತುಂಬುವುದು, ಕೋಲಿನಿಂದ ಬಡಿದು ಸಮ ಮಾಡುವುದು, ಕೊನೆಗೆ ಗಾದಿಯ ಮೇಲೆಯೇ ಕೂತು ಉದ್ದನ್ನ ದಬ್ಬಣದಿಂದ ಈ ತುದಿಯಿಂದ ಆ ತುದಿಗೆ ದೊಡ್ಡ ಹೊಲಿಗೆಯ ಟಾಕಿ ಹಾಕುವುದು. ದಬ್ಬಣ ದೂಡಿ ದೂಡಿ ಅವಳ ಬಲಗೈ ಅಂಗೈಯಲ್ಲಿ ಹುಣಸೆಬೀಜದಷ್ಟು ಗಟ್ಟಿ ಜಡ್ಡು ಬಿದ್ದಿತ್ತು. ಕೆಲಸ ಮುಗಿಸಿ ಅವಳು ಕೂರುವ ರೀತಿ ನನಗೆ ಇವತ್ತೂ ಕಣ್ಣಿಗೆ ಕಟ್ಟಿದಂತಿದೆ. ಗೋಡೆಗೆ ಬೆನ್ನು ಹಚ್ಚಿ, ಮೆಲ್ಲಗೆ ಜಾರುತ್ತ ಜಾರುತ್ತ ಕೆಳಗಿಳಿದು, ತಲೆಯ ಮೇಲಿನ ಹೊರೆ ಇಳಿಸಿದಂತೆ ತನ್ನನ್ನೇ ನೆಲಕ್ಕೆ ಇಳಿಸುತ್ತಿದ್ದಳು. ಹಾಗೆ ಕೂತಾಗ ಮಾತಾಡಿಸಿದರೆ ಉತ್ತರ ಬರಲು ಹೊತ್ತು ಹಿಡಿಯುತ್ತಿತ್ತು. ಕೋಪವೆಂದಲ್ಲ; ಮಾತು ಹೊರಗೆ ಬರಲಿಕ್ಕೂ ಬಲ ಬೇಕಲ್ಲ.

ನನಗೊಬ್ಬಳು ತಂಗಿ ಇದ್ದಳು. ಅವಳನ್ನು ಕೊಟ್ಟುಬಿಟ್ಟಿದ್ದರು.

ಅವ್ವನ ಅಕ್ಕ, ನನ್ನ ದೊಡ್ಡವ್ವ, ಇಂಡಿಯಲ್ಲಿದ್ದಳು. ಗಂಡ ನಿಂಬೆಹಣ್ಣಿನ ತೋಟಗಳನ್ನು ಗುತ್ತಿಗೆ ಹಿಡಿಯುತ್ತಿದ್ದ; ಮನೆಯಲ್ಲಿ ಯಾವುದಕ್ಕೂ ಕಡಿಮೆ ಇರಲಿಲ್ಲ, ಮಕ್ಕಳೊಂದನ್ನು ಬಿಟ್ಟು. ಹನ್ನೆರಡು ವರ್ಷ ದರ್ಗಾ, ದವಾಖಾನೆ ಅಂತ ತಿರುಗಿ ಸೋತಿದ್ದಳು. ನನಗೆ ಐದು ತುಂಬಿದಾಗ ಅವ್ವ ಎರಡನೆಯ ಸಲ ಹಡೆದಳು, ಹೆಣ್ಣು. ಬಾಣಂತಿ ನೋಡಲು ಬಂದ ದೊಡ್ಡವ್ವ ಕೂಸನ್ನು ಎತ್ತಿಕೊಂಡವಳು ಹೊತ್ತು ಮುಳುಗಿದರೂ ಕೆಳಗಿಳಿಸಲಿಲ್ಲವಂತೆ. ಅವಳು ಬಾಯಿ ಬಿಟ್ಟು ಕೇಳಿದಳೋ, ಅವ್ವನೇ ಕೊಟ್ಟಳೋ, ನನಗೆ ಇಂದಿಗೂ ತಿಳಿಯದು. ನಲವತ್ತು ದಿನ ತುಂಬಿದ ಮೇಲೆ ದೊಡ್ಡವ್ವ ಹಸಿರು ಶಾಲಿನಲ್ಲಿ ಕೂಸನ್ನು ಸುತ್ತಿಕೊಂಡು ಹೋದದ್ದು, ಅವ್ವ ಹಿಂದಿನ ಅಂಕಣದಲ್ಲಿ ಎದೆಗೆ ಹಳೆಯ ಧೋತರದ ಪಟ್ಟಿ ಬಿಗಿದು ಕಟ್ಟಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದು, ಇವೆರಡು ಮಾತ್ರ ನೆನಪಿವೆ. ಊರಿನ ಹಿರಿಯರೊಬ್ಬರು "ಹಡೆದವರ ಹೆಸರ ಮುಚ್ಚಬ್ಯಾಡ್ರಿ, ಕೂಸಿಗೆ ತಿಳಿಬೇಕು" ಅಂದರಂತೆ. ದೊಡ್ಡವ್ವ ಒಪ್ಪಲಿಲ್ಲ. ಅವ್ವ ಅಕ್ಕನ ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟಳು. ಮುತ್ಯಾ ಮನೆಯವರನ್ನೆಲ್ಲ ಕೂರಿಸಿಕೊಂಡು, "ಕೊಟ್ಟ ಮ್ಯಾಲ ಕೊಟ್ಟಂಗ. ನಾಳೆ ಅಕಿ ಮುಂದ ಯಾರ ಬಾಯಿಂದನೂ ಒಂದ ಮಾತ ಜಾರಬಾರ್ದು" ಅಂದ. ಹಾಗೆ ಹೇಳುವಾಗ ನನ್ನ ಕಡೆಯೂ ನೋಡಿದ. ಆವತ್ತಿನಿಂದ ಆ ಕೂಸಿಗೆ ನನ್ನ ಅವ್ವ ಚಿಗವ್ವ, ನಾನು ಇನ್ನೊಂದು ಮನೆಯ ಅಕ್ಕ.

ಅವಳಿಗೆ ನಸೀಮಾ ಅಂತ ಹೆಸರಿಟ್ಟರು. ವರ್ಷಕ್ಕೊಮ್ಮೆ, ರಮಜಾನ್ ಹಬ್ಬದ ಮರುದಿನ, ದೊಡ್ಡವ್ವ ಅವಳನ್ನು ಕರೆದುಕೊಂಡು ಇಂಡಿಯಿಂದ ಬರುತ್ತಿದ್ದಳು. ಆ ಒಂದು ದಿನಕ್ಕಾಗಿ ಅವ್ವ ರೋಜಾ ಹಿಡಿದ ಮೊದಲ ವಾರದಲ್ಲೇ ಕ್ರೋಶಾ ಕಡ್ಡಿ ಹೊರಗೆ ತೆಗೆಯುತ್ತಿದ್ದಳು. ಕನ್ಯಾ ಸಾಲಿಯಲ್ಲಿ ಓದುವಾಗ ಕಲಿತ ವಿದ್ಯೆ ಅದು. ಆಗ ತೋರಣ, ರೇಡಿಯೋದ ಮುಸುಕು ಅಂತ ಹೆಣೆಯುತ್ತಿದ್ದಳಂತೆ. ಮದುವೆಯಾಗಿ ಬಂದ ಮೇಲೆ ಅದೆಲ್ಲ ಬಿಟ್ಟುಹೋಗಿತ್ತು. ಅಂಗಡಿಯಿಂದ ತಂದ ಕಡ್ಡಿ ಯಾವಾಗಲೋ ಮುರಿದಿದ್ದರಿಂದ ಅಪ್ಪ ಸೈಕಲ್ಲಿನ ಕಡ್ಡಿಯೊಂದರ ತುದಿ ಬಾಗಿಸಿ, ಕಾನಸಿನ ಅರದಿಂದ ತಿಕ್ಕಿ ನುಣುಪು ಮಾಡಿಕೊಟ್ಟಿದ್ದ. ಅದರಲ್ಲೇ ಒಂದು ವರ್ಷ ಮೊಲ, ಒಂದು ವರ್ಷ ಬೆಕ್ಕು, ಒಂದು ವರ್ಷ ಸೊಂಡಿಲು ಕಡ್ಡಿಯಂತೆ ಸೆಟೆದ ಆನೆ. ಅಂಗೈಗಿಂತ ಸ್ವಲ್ಪ ದೊಡ್ಡವು, ಒಳಗೆ ಹತ್ತಿ ತುಂಬಿದವು. ಆಟಿಕೆಯ ಅಂಗಡಿಯಲ್ಲಿ ಅಂಥವು ಸಿಗುತ್ತಿರಲಿಲ್ಲ. ನಸೀಮಾಳ ಬಳಿ ಕೀಲಿ ಕೊಟ್ಟರೆ ಓಡುವ ಮೋಟಾರು, ಕಣ್ಣು ಮುಚ್ಚುವ ಗೊಂಬೆ ಎಲ್ಲ ಇದ್ದವು. ಆದರೂ ಅವಳು ಬಸ್ಸಿಳಿದು ಓಣಿಯಲ್ಲಿ ಓಡಿ ಬರುತ್ತ ಮೊದಲು ಕೇಳುತ್ತಿದ್ದದ್ದು, "ಚಿಗವ್ವ, ಈ ವರ್ಷ ಯಾವ ಪ್ರಾಣಿ?"

ನನಗೆ ಅವ್ವ ಅಂಥದ್ದನ್ನು ಯಾವತ್ತೂ ಹೆಣೆದುಕೊಡಲಿಲ್ಲ. ಹಬ್ಬಕ್ಕೆ ಹೊಸ ಲಂಗ, ಕೈತುಂಬ ಬಳೆ ಬರುತ್ತಿದ್ದವು, ಇಲ್ಲವೆನ್ನಲಾರೆ. ಆದರೆ ಬಾಗಿಲಿಗೆ ಕೂತು, ನಾಲಿಗೆಯ ತುದಿ ಹಲ್ಲಿನ ನಡುವೆ ಹಿಡಿದು, ಹೊಲಿಗೆ ಎಣಿಸುತ್ತ, ನಾನು ಕರೆದರೆ ಒಂದು ಬೆರಳೆತ್ತಿ ತಡಿ ಅನ್ನುತ್ತ ಅವಳು ಕಳೆಯುತ್ತಿದ್ದ ಆ ಹೊತ್ತು ನನ್ನದಾಗಿರಲಿಲ್ಲ. ಒಮ್ಮೆ ಕೇಳಿಯೇಬಿಟ್ಟೆ, "ನಂಗ್ಯಾಕ ಮಾಡೂದಿಲ್ಲ?" ಅವ್ವ ಕೈ ನಿಲ್ಲಿಸದೆ, "ನೀ ದಿನಾ ನನ್ನ ಮಗ್ಗಲಾಗ ಮಲಗತಿಯಲ್ಲ" ಅಂದಳು. ಅದು ಉತ್ತರವೆಂದು ನನಗೆ ಅನಿಸಲಿಲ್ಲ. ಆ ವಯಸ್ಸಿನಲ್ಲಿ ಪಕ್ಕದಲ್ಲಿ ಮಲಗುವ ಅವ್ವನಿಗೇನು ಬೆಲೆ, ಅವಳು ಎಲ್ಲಿಗೂ ಹೋಗುವವಳಲ್ಲವಲ್ಲ.

ನನಗೆ ಹನ್ನೆರಡಾದ ವರ್ಷ ರಮಜಾನ್ ಥಂಡಿಯಲ್ಲಿ ಬಂತು. ಹೊಲಗಳಲ್ಲಿ ಜೋಳ ಹಾಲುಗಟ್ಟುವ ದಿನ. ಥಂಡಿ ಬಿದ್ದರೆ ಊರೆಲ್ಲ ಹಳೆಯ ಗಾದಿ ಹೊತ್ತು ತರುತ್ತದೆ; ಮೇಲಿಂದ ಮದುವೆಗಳ ಗಾದಿ ಬೇರೆ. ಅವ್ವ ರೋಜಾ ಹಿಡಿದು ಖಾಲಿ ಹೊಟ್ಟೆಯಲ್ಲಿ ದಿನಕ್ಕೆ ಎರಡು ಗಾದಿಗೆ ಟಾಕಿ ಹಾಕುತ್ತಿದ್ದಳು. ಮಧ್ಯಾಹ್ನದ ನಮಾಜು ಮುಗಿಸಿ, ಬೇರೆಯವರು ಒಂದು ತಾಸು ಕಣ್ಣು ಮುಚ್ಚಿದಾಗ, ಅವಳು ಬಿಸಿಲು ಬೀಳುವ ಬಾಗಿಲಿಗೆ ಬಂದು ಹಾಗೇ ಗೋಡೆ ಹಿಡಿದು ಜಾರಿ ಕೂರುತ್ತಿದ್ದಳು. ಆ ವರ್ಷ ಕುರಿಮರಿ ಮಾಡಬೇಕೆಂದು ಮನಸ್ಸು ಮಾಡಿದ್ದಳು. ಇಂಡಿಯ ದಾರಿಯಲ್ಲಿ ಕುರಿಹಿಂಡು ಕಂಡು ನಸೀಮಾ ಬಸ್ಸಿನ ಕಿಟಕಿಗೇ ಜೋತುಬಿದ್ದಿದ್ದಳೆಂದು ದೊಡ್ಡವ್ವ ಹಿಂದಿನ ವರ್ಷ ಹೇಳಿದ್ದಳು, ಅದನ್ನು ಇವಳು ನೆನಪಿಟ್ಟುಕೊಂಡಿದ್ದಳು. ಅದಕ್ಕೆ ಬಿಳಿ ಉಲನ್ ಬೇಕು. ಪೆಟ್ಟಿಗೆಯಲ್ಲಿ ನನ್ನ ಬಿಳಿ ಸ್ವೆಟರ್ ಇತ್ತು.

ಎರಡು ವರ್ಷದ ಹಿಂದೆಯೇ ಅದು ನನಗೆ ಗಿಡ್ಡವಾಗಿತ್ತು. ಮೊಣಕೈಯಲ್ಲಿ ತೂತು ಬಿದ್ದಿತ್ತು. ಆದರೂ ಅದು ನನ್ನದು, ಜಗತ್ತಿನಲ್ಲಿ ನನಗೊಬ್ಬಳಿಗೇ ಅಂತ ಕೊಂಡುತಂದ ಒಂದೇ ಒಂದು ಥಂಡಿಯ ಅರಿವೆ. ನಾನು ಸಾಲಿಯಿಂದ ಬರುವಷ್ಟರಲ್ಲಿ ಅವ್ವ ಅದರ ಕೊರಳ ಎಳೆ ಬಿಚ್ಚಿ, ಅರ್ಧ ಎದೆಯ ತನಕ ಎಳೆದುಬಿಟ್ಟಿದ್ದಳು. "ರಾಜಿ, ಬಾ, ಕೈ ಹಿಡಿ" ಅಂದಳು. ನಾನು ಪಾಟಿಚೀಲ ಇಳಿಸದೆ ಎರಡೂ ಕೈ ಮುಂದೆ ಚಾಚಿ ನಿಂತೆ, ಅವಳು ಎಳೆಯನ್ನು ನನ್ನ ಕೈಗಳಿಗೆ ಸುತ್ತುತ್ತ ಹೋದಳು. ಸ್ವೆಟರ್ ಸಾಲುಸಾಲಾಗಿ ಕರಗುತ್ತ ಕೊನೆಗೆ ಒಂದು ತೋಳಾಗಿ, ಒಂದು ಅಂಚಾಗಿ, ಏನೂ ಇಲ್ಲವಾಯಿತು. ಗುಂಗುರು ಹೋಗಲೆಂದು ಆ ಎಳೆಯನ್ನು ನೀರಲ್ಲಿ ನೆನೆಸಿ, ಕಲ್ಲು ಕಟ್ಟಿ ಹಗ್ಗಕ್ಕೆ ತೂಗುಹಾಕಿದಳು. ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ತಿಳಿಯುತ್ತಿತ್ತು ಅಂತ ಎಷ್ಟೋ ವರ್ಷ ಅಂದುಕೊಂಡೆ. ಅವಳಿಗೆ ಆಗ ಯಾರ ಮುಖವನ್ನೂ ನೋಡುವಷ್ಟು ಶಕ್ತಿ ಉಳಿದಿರಲಿಲ್ಲ.

ಕುರಿಮರಿ ಬೆಳೆಯುವುದನ್ನು ಮುನಿಸಿನಲ್ಲೇ ನೋಡಿದೆ. ಬೆರಳಿಗೆ ಸುತ್ತಿದ ಒಂದು ಕುಣಿಕೆ, ಅದರೊಳಗೆ ಆರು ಹೊಲಿಗೆ, ಮುಂದಿನ ಸುತ್ತಿಗೆ ಹನ್ನೆರಡು, ಆಮೇಲೆ ಹದಿನೆಂಟು. ಮೊದಲು ಸಣ್ಣ ರೊಟ್ಟಿಯ ಹಾಗೆ ಚಪ್ಪಟೆ. ಹೊಲಿಗೆ ಹೆಚ್ಚಿಸುವುದನ್ನು ನಿಲ್ಲಿಸಿದ ಕೂಡಲೇ ಅದು ತಾನಾಗಿಯೇ ಅಂಚು ಮೇಲಕ್ಕೆತ್ತಿ ಬಟ್ಟಲಾಗುತ್ತಿತ್ತು, ಮತ್ತೆ ಕಡಿಮೆ ಮಾಡುತ್ತ ಹೋದಂತೆ ಬಾಯಿ ಮುಚ್ಚಿಕೊಂಡು ತಲೆಯಾಗುತ್ತಿತ್ತು. ಮೈಗೆ ಪ್ರತಿ ಹೊಲಿಗೆಯಲ್ಲೂ ಎಳೆಯನ್ನು ಬೆರಳಿಗೆ ಸುತ್ತಿ ಬಿಟ್ಟು ಉಣ್ಣೆಯ ಗುಂಗುರು ಬರಿಸಿದಳು. ತಪ್ಪಾದರೆ ಇಡೀ ಸುತ್ತು ಬಿಚ್ಚುತ್ತಿದ್ದಳು. ದಣಿದ ಕೈ, ತಪ್ಪು ಬಹಳ ಆಗುತ್ತಿದ್ದವು. ಒಮ್ಮೆ ಕಡ್ಡಿ ಹಿಡಿದೇ ಕೂತಲ್ಲಿ ನಿದ್ದೆ ಹೋದಳು, ಎದ್ದು ಎಣಿಕೆ ತಪ್ಪಿತೆಂದು ಮತ್ತೆ ಮೊದಲಿನಿಂದ. ತುಂಬುವ ಹೊತ್ತಿಗೆ ಮುತ್ಯಾ ತಾನಾಗಿಯೇ ಎದ್ದು ಒಳ್ಳೆಯ ಹತ್ತಿಯನ್ನು ಒಂದು ಹಿಡಿ ಆರಿಸಿದ. ಅದರೊಳಗಿನ ಎಲೆಯ ಚೂರು, ಬೀಜದ ಸಿಪ್ಪೆಗಳನ್ನು ಉಗುರಿನಿಂದ ಹೆಕ್ಕಿ ತೆಗೆದು, ಬಿಲ್ಲಿಗೆ ಹಚ್ಚಿ, ಎಲ್ಲ ಗಾದಿಗಳಿಗಿಂತ ಮೆಲ್ಲಗೆ ಮೀಟಿ, ಹೊಗೆಯಂಥ ಹತ್ತಿಯನ್ನು ಎರಡು ಕೈಯಲ್ಲಿ ತಂದು ಅವ್ವನ ಉಡಿಗೆ ಹಾಕಿದ. ಅವ್ವ ಪೆನ್ಸಿಲ್ಲಿನ ಹಿಂಬದಿಯಿಂದ ಸ್ವಲ್ಪ ಸ್ವಲ್ಪವೇ ಒಳಗೆ ದೂಡಿದಳು. ಕಪ್ಪು ದಾರದಲ್ಲಿ ಎರಡು ಕಣ್ಣು ಹೊಲಿದಾಗ ಅದು ನಿಜಕ್ಕೂ ಯಾರನ್ನೋ ಹುಡುಕುವ ಹಾಗೆ ನೋಡಿತು.

ಹಬ್ಬದ ಮರುದಿನ ಅವರು ಬಂದರು. ದೊಡ್ಡವ್ವ ಜರಿಯ ಸೀರೆಯಲ್ಲಿ, ನಸೀಮಾ ಗುಲಾಬಿ ಫ್ರಾಕಿನಲ್ಲಿ. ಏಳು ವರ್ಷ ಅವಳಿಗೆ, ಮುಂದಿನ ಎರಡು ಹಲ್ಲು ಬಿದ್ದಿದ್ದವು. ಕುರಿಮರಿಯನ್ನು ಕೈಗೆ ತೆಗೆದುಕೊಂಡವಳು ಕೂಗಲಿಲ್ಲ, ಕುಣಿಯಲಿಲ್ಲ. ಕೊರಳಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿದಳು. ಅವ್ವ ಒಲೆಯ ಮುಂದಿನಿಂದ ಅದನ್ನೇ ನೋಡುತ್ತಿದ್ದಳು. ಆ ಹೊತ್ತಿನಲ್ಲಿ ಅವಳ ಮುಖದಿಂದ ತಿಂಗಳ ದಣಿವು ಇಳಿದುಹೋದದ್ದನ್ನು ನಾನು ಕಂಡೆ. ನನಗಾಗಿ ಅವಳ ಮುಖ ಹಾಗೆ ಬೆಳಗಿದ್ದನ್ನು ನಾನು ಕಂಡಿರಲಿಲ್ಲ. ದೊಡ್ಡವರಿಗೆ ಸುರಕುಂಬಾ ಪಾಯಸದ ಬಟ್ಟಲುಗಳು ಹೋದವು. ನಾವಿಬ್ಬರೂ ಹತ್ತಿ ತುಂಬಿದ ಅಂಡಿಗೆಚೀಲಗಳ ಹಿಂದೆ ಆಡಲು ಹೋದೆವು. ನಸೀಮಾ ಕುರಿಮರಿಯ ಕಿವಿ ಸವರುತ್ತ, ಏನೂ ಕೆಟ್ಟ ಮನಸ್ಸಿಲ್ಲದೆ, "ಅಕ್ಕ, ನಿಮ್ಮವ್ವಗ ನಿನಗಿಂತ ನನ್ನ ಮ್ಯಾಲ ಭಾಳ ಜೀವ ಐತಿ, ಹೌದಲ್ಲ?" ಅಂದಳು.

ನಾನು ಅಂದೆ, "ಹೌದು. ಯಾಕಂದ್ರ ಅಕೀನ ನಿನ್ನ ಹಡದಾಕಿ. ಹಡದು ಕೊಟ್ಟಬಿಟ್ಟಾಳ."

ಎಷ್ಟು ತಣ್ಣಗೆ ಹೇಳಿದೆನೆಂದರೆ, ಆ ಮಾತನ್ನು ಬಹಳ ದಿನದಿಂದ ಒಳಗೆ ತಿಕ್ಕಿ ನುಣುಪು ಮಾಡಿ ಇಟ್ಟುಕೊಂಡಿದ್ದೆನೋ ಏನೋ. ನಸೀಮಾ ನನ್ನನ್ನು ನೋಡಿದಳು. ಅಳಲಿಲ್ಲ. ಎದ್ದು ಅಂಡಿಗೆಗಳ ಸಂದಿಯಿಂದ ಹೊರಗೆ ಬಂದು, ಎಲ್ಲರೂ ಕೂತಿದ್ದ ಹಿಂದಿನ ಅಂಕಣಕ್ಕೆ ನೆಟ್ಟಗೆ ನಡೆದು, ಅವ್ವನ ಮುಂದೆ ನಿಂತಳು. "ಚಿಗವ್ವ, ನನ್ನ ಹಡದಾಕಿ ನೀನ?" ಅಂದಳು.

ದೊಡ್ಡವ್ವನ ಕೈಯ ಬಟ್ಟಲು ಹಾಗೇ ನಿಂತಿತು, ಮುಖದ ರಕ್ತ ಇಳಿದು ಬೂದಿಯಾಯಿತು. ಮುತ್ಯಾ ನೆಲ ನೋಡಿದ. ಅವ್ವ ಸೌಟು ಕೆಳಗಿಟ್ಟಳು. "ಯಾರ ಹೇಳಿದ್ರು?" ಅಂದಳು. ನಸೀಮಾ ನನ್ನ ಹೆಸರು ಹೇಳಿದಳು. ಬಾಗಿಲಲ್ಲಿ ನಿಂತ ನನ್ನನ್ನು ಅವ್ವ ಒಂದು ಗಳಿಗೆ ನೋಡಿದಳು. ಬೈಗುಳವಾಗಲಿ ಸಿಟ್ಟಾಗಲಿ ಇಲ್ಲದ ನೋಟ. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, ನಸೀಮಾಳ ಗದ್ದ ಹಿಡಿದು ಮುಖ ಮೇಲೆತ್ತಿ, "ಇಲ್ಲವ್ವ. ರಾಜಿ ಸುಳ್ಳ ಹೇಳ್ಯಾಳ. ಸ್ವೆಟರ್ ಬಿಚ್ಚೇನಲ್ಲ, ಅದರ ಸಿಟ್ಟ ನಿನ್ನ ಮ್ಯಾಲ ತೀರಿಸ್ಯಾಳ. ನಿನ್ನ ಹಡದಾಕಿ ಅಲ್ಲಿ ಕುಂತಾಳ ನೋಡು" ಅಂದಳು. ಎರಡೂ ಭುಜ ಹಿಡಿದು ಅವಳನ್ನು ದೊಡ್ಡವ್ವನ ಕಡೆಗೆ ತಿರುಗಿಸಿದಳು. "ಹೋಗು, ನಿಮ್ಮವ್ವನ ಕಡೆ ಹೋಗು."

ನಸೀಮಾ ಹೋದಳು. ದೊಡ್ಡವ್ವನ ತೊಡೆಯ ಮೇಲೆ ಕೂತು ಅವಳ ಸೆರಗಿನೊಳಗೆ ಮುಖ ಹುದುಗಿಸಿದಳು. ಅವ್ವ ನನ್ನ ಕಡೆ ತಿರುಗಿ, "ಸುಳ್ಳ ಹೇಳಿದೆ ಅನ್ನು" ಅಂದಳು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. "ಅನ್ನ ರಾಜಿ." ಅವಳ ದನಿ ಬೇಡುವ ದನಿಯಾಗಿತ್ತು, ಅದು ಆಗ ನನಗೆ ತಿಳಿಯಲಿಲ್ಲ. ಎಲ್ಲರ ಮುಂದೆ ನಾನು, ಸುಳ್ಳು ಹೇಳಿದೆ ಅಂದೆ. ಆ ಮನೆಯಲ್ಲಿ ನಾನಾಡಿದ ದೊಡ್ಡ ಸುಳ್ಳು ಅದೊಂದೇ.

ಆ ಸಂಜೆ ಬಸ್ಸಿಗಿಂತ ಎರಡು ತಾಸು ಮೊದಲೇ ಅವರು ಹೊರಟರು. ನಸೀಮಾಳ ಕಂಕುಳಲ್ಲಿ ಕುರಿಮರಿ ಇತ್ತು. ಓಣಿ ತಿರುಗುವ ತನಕ ಅವ್ವ ಬಾಗಿಲಲ್ಲಿ ನಿಂತಿದ್ದು, ಒಳಗೆ ಬಂದು ಬಟ್ಟಲುಗಳನ್ನು ತೊಳೆಯಲು ಕೂತಳು. ಹೊಡೆಯುತ್ತಾಳೆಂದು ಕಾದೆ. ಹೊಡೆದಿದ್ದರೆ ಮುಗಿದುಹೋಗುತ್ತಿತ್ತು. ಮೂರು ದಿನ ಅವಳು ನನ್ನ ಹತ್ತಿರ ಮಾತಾಡಲಿಲ್ಲ, ಬೇರೆ ಯಾರ ಹತ್ತಿರವೂ ಆಡಲಿಲ್ಲ. ನಾಲ್ಕನೆಯ ದಿನ ಗವಸಿನ ಅಂಚು ಚಾಚಿ "ಹಿಡಿ" ಅಂದಳು, ಹಿಡಿದೆ. ಹಾಗೆ ಮತ್ತೆ ದಿನಗಳು ಶುರುವಾದವು. ಮುತ್ಯಾ ಮಾತ್ರ ಒಮ್ಮೆ, ಹಾರಾಡುವ ಹತ್ತಿಯನ್ನು ಗುಡ್ಡೆ ಹಾಕುತ್ತ, "ಹಗರದ್ದು ಅಂತ ಬಿಡತೇವಿ ತಂಗಿ, ಹಾರಿಹೋದ ಮ್ಯಾಲ ಕೂಡಸಾಕ ಆಗೂದಿಲ್ಲ" ಅಂದ. ಹತ್ತಿಯ ಬಗ್ಗೆ ಅಂದನೋ, ನನಗೇ ಅಂದನೋ ಕೇಳಲು ಧೈರ್ಯವಾಗಲಿಲ್ಲ.

ಮರುವರ್ಷದ ಹಬ್ಬಕ್ಕೆ ದೊಡ್ಡವ್ವನಿಗೆ ಮೈಯಲ್ಲಿ ಹುಷಾರಿರಲಿಲ್ಲ. ಅದರ ಮರುವರ್ಷ ತೋಟದ ಕೆಲಸ. ಅವರು ಬರಲಿಲ್ಲ. ಅವ್ವ ಒಂದು ಅಳಿಲು ಹೆಣೆದು, ಇಂಡಿಗೆ ಹೋಗುವ ಪರಿಚಯದವರ ಕೈಯಲ್ಲಿ ಕಳಿಸಿದಳು. ಮುಟ್ಟಿತು ಅನ್ನುವ ಮಾತು ಬಂತು, ಅಷ್ಟೇ. ಆಮೇಲೆ ಹೆಣೆಯಲಿಲ್ಲ. ಯಾರಾದರೂ ಕೇಳಿದರೆ "ಬೆರಳ ಬ್ಯಾನಿ" ಅನ್ನುತ್ತಿದ್ದಳು. ಬೇನೆಯೂ ನಿಜವೇ ಇತ್ತು. ದೊಡ್ಡವ್ವ ಕೆಟ್ಟವಳಲ್ಲ, ಮಗಳು ಒಂದು ಸಲ ಕೈತಪ್ಪಿ ಹೋಗುವುದನ್ನು ಕಣ್ಣಾರೆ ಕಂಡವಳು ಮತ್ತೆ ಅವಳನ್ನು ಆ ಬಾಗಿಲಿಗೆ ಹೇಗೆ ತಂದಾಳು. ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಮುತ್ಯಾ ತೀರಿಕೊಂಡ. ಊರಿಗೆ ಹಿಂಜುವ ಮಷಿನ್ ಬಂತು, ಆಮೇಲೆ ಹಿಂಜುವುದೇ ಬೇಡದ ಫೋಮಿನ ಗಾದಿ ಬಂತು. ಅಪ್ಪ ಕೆಲವು ವರ್ಷ ಸೈಕಲ್ ತುಳಿದ. ದಿನವಿಡೀ ತಿರುಗಿ ಒಂದು ತಲೆದಿಂಬಿನ ಕೆಲಸವೂ ಸಿಗದೆ ಬರುತ್ತಿದ್ದ. ಕೊನೆಗೆ ಅವನೂ ಹೋದ. ಎರಡು ಅಂಕಣದ ಆ ಮನೆಯನ್ನು ಪಕ್ಕದವರು ಕೊಂಡು ಕೆಡವಿದರು. ಈಗ ಅಲ್ಲಿ ಮೊಬೈಲ್ ರಿಪೇರಿಯ ಅಂಗಡಿಯಿದೆ. ಸಿಂದಗಿಗೆ ಹೋದಾಗಲೆಲ್ಲ ಆ ಓಣಿ ಬಳಸಿ ಬೇರೆ ದಾರಿ ಹಿಡಿಯುತ್ತೇನೆ. ಅಲ್ಲಿ ನಿಂತರೆ ಆ ಡಂಯ್ ಡಂಯ್ ಕೇಳಿಸುವುದಿಲ್ಲ, ಅದನ್ನು ತಡೆಯಲಾಗುವುದಿಲ್ಲ.

ಅವ್ವ ಕಡೆಯ ಆರು ವರ್ಷ ಮುದ್ದೇಬಿಹಾಳದಲ್ಲಿ ನನ್ನ ಜೊತೆಗಿದ್ದಳು. ಕೆಲಸವಿಲ್ಲದ ದಿನಗಳು ಅವಳಿಗೆ ಕೆಲಸಕ್ಕಿಂತ ಭಾರವಾಗಿದ್ದವು. ಒಂದು ಮಧ್ಯಾಹ್ನ ಇಬ್ಬರೂ ಬಳ್ಳೊಳ್ಳಿ ಸುಲಿಯುತ್ತ ಕೂತಿದ್ದೆವು. ಗಂಡ ಹೋದ ಕೆಲವು ವರ್ಷಕ್ಕೆ ದೊಡ್ಡವ್ವನೂ ತೀರಿಕೊಂಡು ಆಗಷ್ಟೇ ನಲವತ್ತು ದಿನವಾಗಿತ್ತು. ಆ ಹಬ್ಬದ ಮಾತನ್ನು ನಾವಿಬ್ಬರೂ ಇಪ್ಪತ್ತಮೂರು ವರ್ಷ ಎತ್ತಿರಲಿಲ್ಲ. ನಾನು ತಲೆ ಬಗ್ಗಿಸಿಕೊಂಡೇ, "ಅವ್ವ, ಅವತ್ತ ನಾ ಹಂಗ ಹೇಳಬಾರ್ದಿತ್ತು" ಅಂದೆ. ಅವಳಿಗೆ ಯಾವತ್ತು ಎಂದು ಹೇಳಬೇಕಾಗಲಿಲ್ಲ. ಕೈಯಲ್ಲಿದ್ದ ಎಸಳನ್ನು ಸುಲಿದು ಬುಟ್ಟಿಗೆ ಹಾಕಿದಳು. ಆಮೇಲೆ, "ನೀ ಖರೆ ಹೇಳಿದ್ದಿ. ಸುಳ್ಳ ಹೇಳಿದಾಕಿ ನಾ. ಎಲ್ಲಾರ ಮುಂದ ನಿನ್ನ ಸುಳ್ಳಿ ಮಾಡಿದೆ, ಅದು ನನ್ನ ತಪ್ಪ" ಅಂದಳು. ಮಾತು ಮುಗಿಯಿತೆಂದುಕೊಂಡೆ. ಬಳ್ಳೊಳ್ಳಿಯ ಬುಟ್ಟಿ ಪಕ್ಕಕ್ಕೆ ಸರಿಸಿ ಅವಳು ಹೇಳಿದಳು, "ಒಂದ ಮಾತಿಗೆ ನಂಬಿಬಿಟ್ಟಳು ನೋಡ ಅಕಿ. ಇನ್ನೊಂದ ಸಲ ಕೇಳತಾಳೇನೋ ಅಂತ ನಾ ನಿಂತಿದ್ದೆ. ಕೇಳಲಿಲ್ಲ."

ಕೇಳಿದ್ದರೆ ಏನು ಹೇಳುತ್ತಿದ್ದೆ ಅಂತ ನಾನು ಕೇಳಲಿಲ್ಲ. ಅವಳಿಗೂ ಗೊತ್ತಿರಲಿಕ್ಕಿಲ್ಲ.

ಅದಾದ ಎರಡು ವರ್ಷಕ್ಕೆ ಅವ್ವ ಹೋದಳು. ಮುಂಜಾನೆ ನೆಂಟರಿಗೆಲ್ಲ ಫೋನು ಮಾಡುವಾಗ ನಸೀಮಾಳಿಗೂ ಮಾಡಿದೆ. ಅವಳು ಈಗ ಬಸವನ ಬಾಗೇವಾಡಿಯಲ್ಲಿ ದವಾಖಾನೆಯೊಂದರಲ್ಲಿ ನರ್ಸ್, ಇಬ್ಬರು ಮಕ್ಕಳು. ಮದುವೆ, ಸಾವು ಅಂತ ಕೂಡಿದಾಗ ನಾಲ್ಕು ಮಾತಾಡುವಷ್ಟು ಬಳಕೆ ನಮ್ಮದು. ಹನ್ನೊಂದು ಗಂಟೆಗೆಲ್ಲ ಬಂದಳು. ಬಂದ ಹೆಂಗಸರ ನಡುವೆ, ಅಕ್ಕನ ಮಗಳು ಎಲ್ಲಿ ಕೂರಬೇಕೋ ಅಲ್ಲಿ, ಗೋಡೆಯ ಕಡೆ ಹಿಂದೆ ಕೂತಳು. ಬಾರಿಹಣ್ಣಿನ ಗಿಡದ ಎಲೆ ಹಾಕಿ ಕಾಸಿದ ನೀರು ಬಂತು. ಮೈ ತೊಳೆಸುವ ಹಿರಿಯ ಹೆಂಗಸು ಪರದೆ ಕಟ್ಟಿಸಿ, "ಹೆಣ್ಣಮಕ್ಕಳ ಯಾರದಾರ, ಬರ್ರಿ, ನೀರ ಹಾಕಬೇಕು" ಅಂದಳು. ನಾನು ಎದ್ದೆ. ಎರಡು ಹೆಜ್ಜೆ ಹೋದವಳು ನಿಂತೆ. "ನಸೀಮಾ, ನೀನೂ ಬಾರವ್ವ" ಅಂದೆ.

ಅವಳು ತಲೆ ಎತ್ತಿ, "ನಾನ?" ಅಂದಳು.

"ಇನ್ನೊಂದ ಕೈ ಬೇಕಾಗೇತಿ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಯಾರೂ ಯಾಕೆ ಅನ್ನಲಿಲ್ಲ. ನರ್ಸ್ ಇದ್ದಾಳೆ, ಕೈ ತಿಳಿದವಳು ಅಂದುಕೊಂಡಿರಬೇಕು. ನಾನು ನೀರು ಹಾಕಿದೆ, ಅವಳು ತೊಳೆದಳು. ಎಡಗೈಯ ಅಂಗೈಯಲ್ಲಿ ಅವ್ವನ ತಲೆಯನ್ನು ಎತ್ತಿ ಹಿಡಿದು, ಹೆಬ್ಬೆರಳಿನಿಂದ ಒಂದು ಕಿವಿ ಮುಚ್ಚಿ, ಹಸುಗೂಸಿಗೆ ನೀರು ಹಾಕುವಾಗ ಹಿಡಿಯುತ್ತಾರಲ್ಲ, ಹಾಗೆ. ಅವ್ವನ ಬಲ ಅಂಗೈಯ ಆ ಗಟ್ಟಿ ಜಡ್ಡಿನ ಮೇಲೆ ಅವಳ ಬೆರಳು ಒಂದು ಗಳಿಗೆ ನಿಂತಿತು, ಮುಂದೆ ಹೋಯಿತು. ಎಲ್ಲ ಮುಗಿದ ಮೇಲೆ ಬಚ್ಚಲ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ, "ಚಿಗವ್ವ ಭಾಳ ಹಗರ ಆಗಿದ್ಲ ಅಕ್ಕ" ಅಂದಳು. ಹೌದು ಅಂದೆ.

ಸಂಜೆ ಅವಳನ್ನು ಬಸ್ಸಿಗೆ ಕಳಿಸಲು ಹೋದೆ. ಮಕ್ಕಳ ಪರೀಕ್ಷೆ, ಇರಲಿಕ್ಕಾಗುವುದಿಲ್ಲ ಅಂದಳು. ಹೇಳಬೇಕೆಂದರೆ ತಡೆಯುವವರು ಈಗ ಯಾರೂ ಇರಲಿಲ್ಲ. ಕೈ ಮೇಲೆ ಕೈ ಇಟ್ಟು ಮಾತು ತೆಗೆದುಕೊಂಡವಳೂ ಇಲ್ಲ, ಕೊಟ್ಟವಳೂ ಇಲ್ಲ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಅರ್ಧ ತಾಸು ಪಕ್ಕಪಕ್ಕದಲ್ಲಿ ಕೂತೆವು. ಅವಳು ತನ್ನ ರಾತ್ರಿಪಾಳಿಯ ಬಗ್ಗೆ, ಕಾಲು ಬಾವು ಬರುವುದರ ಬಗ್ಗೆ ಹೇಳಿದಳು. ನಾನು ಕೇಳಿಸಿಕೊಳ್ಳುತ್ತ ಕೂತೆ. ಬಸ್ಸು ಬಂದು, ಅವಳು ಹತ್ತಿ, ಕಿಟಕಿಯಿಂದ "ಏನರ ಒಂದೀಟ ಉಣ್ಣ ಅಕ್ಕ, ಹಂಗ ಮಲಗಬ್ಯಾಡ" ಅಂದಳು. ಆಗಲಿ ಅಂದೆ.

ಸಿಂದಗಿಯ ಆ ಮನೆಯಲ್ಲಿ ಹುಟ್ಟಿದವರಲ್ಲಿ ಈಗ ಉಳಿದಿರುವುದು ನಾವಿಬ್ಬರು. ಇಬ್ಬರು ಅನ್ನುವ ಲೆಕ್ಕ ನನಗೊಬ್ಬಳಿಗೇ ಗೊತ್ತು.